ಪಾಲುದಾರನ ವರಮಾನ ಯಾವುದು?



ಚಿತ್ರದುರ್ಗದಲ್ಲಿ ದತ್ತಿ ಉಪನ್ಯಾಸ ಎಂದರೆ ಶರಣರು, ಕೋಟೆ, ಪಾಳೇಗಾರರು. ಈ ಸಲ ದತ್ತಿದಾರರು ಬೇರೆ ದಾರಿ ಹಿಡಿದು, ವ್ಯಾಪಾರಸ್ಥರ ಮುಪ್ಪಿನ ಬಗ್ಗೆ ಮಾತಾಡಿ ಎಂದರು. ನಾಲ್ಕು ತಾಲ್ಲೂಕಿನ ಅಂಗಡಿ ಲೆಕ್ಕ ನೋಡುವವನಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಸರ್ಕಾರಿ ನೌಕರರು ಪಿಂಚಣಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರುತ್ತಾರೆ, ಅವರ ಮಾತು ವಿಧಾನಸಭೆಯವರೆಗೂ ಹೋಗುತ್ತದೆ. ಭೀಮಸಮುದ್ರದ ಅಡಿಕೆ ಮಂಡಿಯ ಪಾಲುದಾರ ಯಾರ ಮುಂದೆ ಕೂರಬೇಕು? ಅವನಿಗೆ ಅವನೇ ಮಾಲೀಕ.

ಮಾಲೀಕ ಹೌದು, ಆದರೆ ಅವನ ವರಮಾನ ಎಷ್ಟು? ಪಿಂಚಣಿಗೆ ಎಷ್ಟು ಕಟ್ಟಬಹುದು, ಕಟ್ಟಿದ್ದಕ್ಕೆ ತೆರಿಗೆಯಲ್ಲಿ ಏನು ಬಿಡುತ್ತಾರೆ ಎಂಬುದೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ. ಕೇಳಿ ನೋಡಿ. ಒಬ್ಬರು, "ಏನೋ ಸ್ವಾಮಿ, ತಿಂಗಳಿಗೆ ಐವತ್ತು ಸಾವಿರ ತಗೊಳ್ತೀನಿ" ಅಂತಾರೆ. ಇನ್ನೊಬ್ಬರು, "ಅಂಗಡಿಗೆ ಹನ್ನೆರಡು ಲಕ್ಷ ಲಾಭ, ನಂದು ಅರ್ಧ" ಅಂತಾರೆ. ಮೂರನೆಯವರು, "ಆಡಿಟರು ರಿಟರ್ನಿನಲ್ಲಿ ಏನು ಹಾಕಿದಾರೋ ಅದೇ" ಅಂದು ಸುಮ್ಮನಾಗುತ್ತಾರೆ. ಮೂವರಲ್ಲಿ ಕಾನೂನಿಗೆ ಹತ್ತಿರ ಇರುವವರು ಈ ಮೂರನೆಯವರೇ.

ಖಾತೆ ಪುಸ್ತಕದ ಒಂದು ಪುಟ ಹೇಗಿರುತ್ತದೆ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಪಾಲುದಾರನ ಹೆಸರಿನ ಖಾತೆ, ಖರ್ಚಿನ ಕಡೆ: ಮಗಳ ಕಾಲೇಜು ಫೀಜು, ತೋಟಕ್ಕೆ ಗೊಬ್ಬರ, ಎರಡು ಗ್ಯಾಸ್ ಸಿಲಿಂಡರ್, ಬೋರ್‌ವೆಲ್ ಮೋಟಾರ್ ರಿವೈಂಡಿಂಗ್, ಧರ್ಮಸ್ಥಳಕ್ಕೆ ಹೋದಾಗ ಗಲ್ಲಾದಿಂದ ತೆಗೆದ ಆರು ಸಾವಿರ, ತಮ್ಮನ ಮಗನ ನಾಮಕರಣಕ್ಕೆ ಮುಯ್ಯಿ. ಇದಕ್ಕೆ ಡ್ರಾಯಿಂಗ್ಸ್ ಎಂದು ಹೆಸರು. ಇದು ವರಮಾನ ಅಲ್ಲವೇ ಅಲ್ಲ. ತನ್ನ ಬಂಡವಾಳವನ್ನು ತಾನೇ ತೆಗೆದುಕೊಂಡದ್ದು. ಹತ್ತು ಲಕ್ಷ ತೆಗೆದು ಖರ್ಚು ಮಾಡಿದವನ ವರಮಾನ ಸೊನ್ನೆ ಇರಬಹುದು. ಒಂದು ಪೈಸೆ ತೆಗೆಯದವನಿಗೆ ಐದು ಲಕ್ಷ ವರಮಾನ ಬಂದಿರಬಹುದು.

1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಒಂದು ನಿಷ್ಠುರದ ಮಾತು ಹೇಳುತ್ತದೆ: ಬೇರೆ ಕರಾರು ಇಲ್ಲದಿದ್ದರೆ, ವ್ಯಾಪಾರದಲ್ಲಿ ದುಡಿದ ಪಾಲುದಾರನಿಗೆ ಸಂಬಳ ಕೇಳುವ ಹಕ್ಕಿಲ್ಲ. ಬೆಳಿಗ್ಗೆ ಏಳಕ್ಕೆ ಅಂಗಡಿ ಬಾಗಿಲು ತೆಗೆದವನಿಗೂ, ದಾವಣಗೆರೆಯಲ್ಲಿ ಕೂತು ಬಂಡವಾಳ ಮಾತ್ರ ಹಾಕಿದವನಿಗೂ ಕಾಯ್ದೆಯ ಕಣ್ಣಲ್ಲಿ ವ್ಯತ್ಯಾಸವಿಲ್ಲ. ಕರಾರಿನಲ್ಲಿ ಸಂಬಳ ಬರೆದುಕೊಂಡರೂ ಅದು ನೌಕರನ ಸಂಬಳ ಆಗುವುದಿಲ್ಲ. ಚಿದಂಬರಂ ಪಿಳ್ಳೈ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಬಿಡಿಸಿ ಹೇಳಿದ್ದಾರೆ. ಫರ್ಮ್ ಎಂಬುದು ಪಾಲುದಾರರೇ. ಯಾರೂ ತನಗೆ ತಾನೇ ನೌಕರ ಆಗಲಾರ. ಹಾಗಾಗಿ ಪಾಲುದಾರನ ಸಂಬಳ ಲಾಭದ್ದೇ ಇನ್ನೊಂದು ರೂಪ. 1980ರ ದಶಕದಲ್ಲಿ ರಾಮಾನುಜ ಮ್ಯಾಚ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಎಳೆ ಹಿಡಿದು, ಸಂಬಳ ಪಡೆಯುವ ದುಡಿಯುವ ಪಾಲುದಾರನೂ ಇಎಸ್‌ಐ ಕಾಯ್ದೆಯ ಲೆಕ್ಕಕ್ಕೆ ನೌಕರನಲ್ಲ ಎಂದಿತು. ಅಂಗಡಿಯ ಗುಮಾಸ್ತನಿಗೆ ಪಿಎಫ್ ಕಟ್ಟುವ ಯಜಮಾನ, ಅದೇ ಪಿಎಫ್ ರಿಜಿಸ್ಟರಿನಲ್ಲಿ ತನ್ನ ಹೆಸರು ಸೇರಿಸಿಕೊಳ್ಳುವ ಹಾಗಿಲ್ಲ.

ಇನ್ನು ಆದಾಯ ತೆರಿಗೆಗೆ ಬರೋಣ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ. ಅದರಲ್ಲಿ ಕಲಂಗಳ ಸಂಖ್ಯೆಗಳು ಬೇರೆ. ಹಳೆಯವೇ ನಿಮ್ಮ ಬಾಯಲ್ಲಿ ಇರುವುದರಿಂದ ನಾನೂ ಅವನ್ನೇ ಹೇಳುತ್ತೇನೆ.

1992ರವರೆಗೆ ವ್ಯವಸ್ಥೆ ಬೇರೆ ಇತ್ತು. ನೋಂದಾಯಿತ ಫರ್ಮ್ ಅಲ್ಪ ತೆರಿಗೆ ಕಟ್ಟುತ್ತಿತ್ತು, ಲಾಭದ ಪಾಲು ಪಾಲುದಾರನ ವರಮಾನಕ್ಕೆ ಸೇರಿ ಅಲ್ಲಿ ತೆರಿಗೆ ಬೀಳುತ್ತಿತ್ತು. 1992ರ ಹಣಕಾಸು ಕಾಯ್ದೆ ಅದನ್ನು ತಿರುಗಿಸಿತು. ಲಾಭದ ಮೇಲಿನ ತೆರಿಗೆ ಪೂರ್ತಿ ಫರ್ಮ್ ಕಟ್ಟಬೇಕು, ಈಗ ಸೆಸ್ ಸೇರಿ ಶೇ 31.2. ಪಾಲುದಾರನ ಕೈಗೆ ಬರುವ ಲಾಭದ ಪಾಲು 10(2ಎ) ಕಲಂ ಪ್ರಕಾರ ತೆರಿಗೆಮುಕ್ತ. ಕೇಳುವುದಕ್ಕೆ ಚೆಂದ. ಆದರೆ ತೆರಿಗೆಮುಕ್ತ ಎಂದರೆ ಒಟ್ಟು ವರಮಾನದ ಲೆಕ್ಕದಿಂದಲೇ ಹೊರಗೆ. ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) ಕಟ್ಟಿದ ಹಣಕ್ಕೆ 80ಸಿಸಿಡಿ(1) ಕಲಂ ಕೊಡುವ ವಿನಾಯಿತಿ ಸ್ವಯಂ ಉದ್ಯೋಗಿಗೆ ಒಟ್ಟು ವರಮಾನದ ಶೇ 20ರವರೆಗೆ. 2017ರ ಹಣಕಾಸು ಕಾಯ್ದೆಗೆ ಮುಂಚೆ ಅದು ಶೇ 10 ಇತ್ತು. ಲಾಭದ ಪಾಲು ಒಟ್ಟು ವರಮಾನದಲ್ಲಿ ಇಲ್ಲದ ಮೇಲೆ ಅದರ ಶೇ 20 ಎಲ್ಲಿಂದ ಬರಬೇಕು? ಎಣಿಕೆಗೆ ಬರುವುದು ಎರಡೇ: ಫರ್ಮ್‌ನಿಂದ ಪಾಲುದಾರನಿಗೆ ಬಂದ ಸಂಬಳ, ಬಂಡವಾಳದ ಮೇಲಿನ ಬಡ್ಡಿ. ಬಡ್ಡಿಗೆ ಮಿತಿ ವರ್ಷಕ್ಕೆ ಶೇ 12 ಸರಳ ಬಡ್ಡಿ. ಸಂಬಳದ ಮಿತಿ 40(ಬಿ) ಕಲಂನಲ್ಲಿದೆ. 2024ರ ತಿದ್ದುಪಡಿಯ ನಂತರ ಪುಸ್ತಕ ಲಾಭದ, ಅಂದರೆ ಪಾಲುದಾರರ ಸಂಬಳ ಕಳೆಯುವ ಮುಂಚಿನ ಲಾಭದ, ಮೊದಲ 6 ಲಕ್ಷಕ್ಕೆ ಶೇ 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು. ಉಳಿದದ್ದಕ್ಕೆ ಶೇ 60.

ಒಂದು ಅಂಗಡಿ ಇಟ್ಟುಕೊಳ್ಳೋಣ. ಹೊಳಲ್ಕೆರೆ ಕಡೆಯ ಅಡಿಕೆ ಮಂಡಿ, ಅಣ್ಣ ತಮ್ಮ ಇಬ್ಬರು ಪಾಲುದಾರರು, ಇಬ್ಬರೂ ದುಡಿಯುವವರು, ಸಮಪಾಲು. ರಾಶಿ, ಬೆಟ್ಟೆ, ಕೆಂಪುಗೋಟು ಎಲ್ಲ ಮಾರಿ, ದಲಾಲಿ ಬಂದು, ಹಮಾಲಿ, ಬಾಡಿಗೆ, ಬಡ್ಡಿ ಕಳೆದು ಪುಸ್ತಕ ಲಾಭ 12 ಲಕ್ಷ. ಪಾಲುದಾರಿಕೆ ಪತ್ರದಲ್ಲಿ ಸಂಬಳದ ಮಾತೇ ಇಲ್ಲ ಎನ್ನಿ. ಆಗ 12 ಲಕ್ಷದ ಮೇಲೆ ಫರ್ಮ್ 3,74,400 ರೂಪಾಯಿ ತೆರಿಗೆ ಕಟ್ಟಿತು. ಅಣ್ಣ ತಮ್ಮಂದಿರ ಕೈಗೆ ಬಂದದ್ದು ಪೂರ್ತಿ ತೆರಿಗೆಮುಕ್ತ, ಹಾಗಾಗಿ ಇಬ್ಬರ ವರಮಾನವೂ ಕಾಗದದ ಮೇಲೆ ಸೊನ್ನೆ. ಸೊನ್ನೆಯ ಶೇ 20 ಸೊನ್ನೆಯೇ.

ಪತ್ರದಲ್ಲಿ ಸಂಬಳದ ಷರತ್ತು ಸರಿಯಾಗಿ ಇದ್ದರೆ? ಮೊದಲ 6 ಲಕ್ಷಕ್ಕೆ 5,40,000, ಉಳಿದ 6 ಲಕ್ಷಕ್ಕೆ 3,60,000, ಒಟ್ಟು 9 ಲಕ್ಷ. ತಲಾ 4,50,000. ಫರ್ಮ್‌ನಲ್ಲಿ ಉಳಿದ 3 ಲಕ್ಷಕ್ಕೆ ತೆರಿಗೆ 93,600. ತಲಾ ನಾಲ್ಕೂವರೆ ಲಕ್ಷದ ಮೇಲೆ, ಬೇರೆ ವರಮಾನ ಇಲ್ಲದಿದ್ದರೆ, ತೆರಿಗೆ ದರದ ಹಳೆಯ ಪದ್ಧತಿಯಲ್ಲೂ ಹೊಸ ಪದ್ಧತಿಯಲ್ಲೂ ರಿಬೇಟ್ ಕಳೆದು ತೆರಿಗೆ ಇಲ್ಲ. ಒಂದು ಷರತ್ತಿನಿಂದ ಮನೆಯಲ್ಲಿ ಉಳಿದ ಹಣ ವರ್ಷಕ್ಕೆ 2,80,800, ತಲಾ 1,40,400.

ನನ್ನ ಇಡೀ ಮಾತಿನ ತಿರುಳು ಇಷ್ಟೇ. ಪಿಂಚಣಿಗೆ ಹಣ ಎಲ್ಲಿ ಸ್ವಾಮಿ ಎಂದು ಕೇಳುವ ಪಾಲುದಾರ, ತನ್ನ ಪಿಂಚಣಿಯ ಕಂತನ್ನು ಪ್ರತಿವರ್ಷ ತೆರಿಗೆಯಾಗಿ ಕಟ್ಟುತ್ತಿರಬಹುದು. ಆ 1,40,400ನ್ನು ವರ್ಷದ ಮೊದಲಿಗೇ ಪಿಪಿಎಫ್‌ಗೆ ಹಾಕುತ್ತಾ ಹೋದರೆ, ಈಗಿನ ಶೇ 7.1 ಬಡ್ಡಿ ಹಾಗೇ ಉಳಿದರೆ, 15 ವರ್ಷಕ್ಕೆ ಸುಮಾರು 38 ಲಕ್ಷ ಆಗುತ್ತದೆ. ಇಲ್ಲಿ 80ಸಿಸಿಡಿ ವಿನಾಯಿತಿಯ ಮಾತೇ ಬರಲಿಲ್ಲ ನೋಡಿ. ತೆರಿಗೆಯೇ ಇಲ್ಲದವನಿಗೆ ವಿನಾಯಿತಿ ಯಾಕೆ?

"ಷರತ್ತು ಸರಿಯಾಗಿ ಇದ್ದರೆ" ಎಂದೆ. ಸರಿಯಾಗಿ ಎಂಬುದರಲ್ಲೇ ಎಲ್ಲ ಇದೆ. ನಮ್ಮ ಕಡೆಯ ಎಷ್ಟೋ ಪತ್ರಗಳಲ್ಲಿ "ಪಾಲುದಾರರು ಕಾಲಕಾಲಕ್ಕೆ ಪರಸ್ಪರ ಒಪ್ಪಿದಂತೆ ಸಂಬಳ ಪಡೆಯತಕ್ಕದ್ದು" ಎಂಬ ಸಾಲು ಇರುತ್ತದೆ. ಛಾಪಾ ಕಾಗದದ ಮೇಲೆ ಗಂಭೀರವಾಗಿ ಕಾಣುತ್ತದೆ, ಕೆಲಸಕ್ಕೆ ಬಾರದು. 1996ರ ಮಾರ್ಚ್ 25ರ 739ನೇ ಸುತ್ತೋಲೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಸ್ಪಷ್ಟವಾಗಿ ಹೇಳಿದೆ: ಒಬ್ಬೊಬ್ಬ ದುಡಿಯುವ ಪಾಲುದಾರನಿಗೆ ಎಷ್ಟು ಎಂಬ ಮೊತ್ತವಾಗಲಿ, ಅದನ್ನು ಲೆಕ್ಕ ಹಾಕುವ ವಿಧಾನವಾಗಲಿ ಪತ್ರದಲ್ಲೇ ಇರಬೇಕು. "40(ಬಿ) ಮಿತಿಯಷ್ಟು, ಇಬ್ಬರಿಗೂ ಸಮವಾಗಿ" ಎಂದು ಬರೆದರೆ ವಿಧಾನ ಹೇಳಿದ ಹಾಗಾಯಿತು. ಆ ಒಂದು ಸಾಲನ್ನು ಪತ್ರ ಬರೆಯುವವರಿಗೆ ಬಿಡಬೇಡಿ. ಎದುರಿಗೆ ಕೂತು ಓದಿಸಿ.

ಹೊಸದುರ್ಗದ ಹಾರ್ಡ್‌ವೇರ್ ಅಂಗಡಿಗೆ ಇನ್ನೊಂದು ತೊಡಕು. ಪುಸ್ತಕ ಬರೆಯುವ ಗೋಳು ತಪ್ಪಿತು ಎಂದು ಅಂದಾಜು ಲಾಭದ 44ಎಡಿ ಕಲಂ ಹಿಡಿದವರು ಅಲ್ಲಿ ಹೆಚ್ಚು. ವಹಿವಾಟಿನ ಶೇ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6, ಅದೇ ಲಾಭ. 2016ರ ತಿದ್ದುಪಡಿಯ ನಂತರ ಆ ಲಾಭದಲ್ಲಿ ಪಾಲುದಾರರ ಸಂಬಳ, ಬಡ್ಡಿ ಕಳೆಯುವಂತಿಲ್ಲ. ಪೂರ್ತಿ ಲಾಭಕ್ಕೆ ಫರ್ಮ್ ಶೇ 31.2 ಕಟ್ಟುತ್ತದೆ, ಪಾಲುದಾರನ ಎಣಿಕೆಯ ವರಮಾನ ಮತ್ತೆ ಸೊನ್ನೆ. ದಲಾಲಿ ಮಂಡಿಗೆ ಈ ಗೊಂದಲ ಇಲ್ಲ, ಕಮಿಷನ್ ವ್ಯವಹಾರಕ್ಕೆ 44ಎಡಿ ಸಿಗುವುದೇ ಇಲ್ಲ. ಹಿರಿಯೂರಿನಲ್ಲಿ, ಬೆಂಗಳೂರು-ಪುಣೆ ಹೆದ್ದಾರಿಯ ಮೇಲೆ ಬದುಕುವ ಲಾರಿ ಫರ್ಮ್‌ಗಳದ್ದು ಬೇರೆಯೇ ದಾರಿ. ಲಾರಿಗೆ ಅನ್ವಯಿಸುವ 44ಎಇ ಕಲಂನಲ್ಲಿ ಅಂದಾಜು ಲಾಭದಿಂದ ಪಾಲುದಾರರ ಸಂಬಳ, ಬಡ್ಡಿ ಕಳೆಯಲು ಅವಕಾಶ ಉಳಿದಿದೆ. ಒಟ್ಟು ತೂಕ 16 ಟನ್‌ನ ನಾಲ್ಕು ಲಾರಿಗೆ ಟನ್ನಿಗೆ ತಿಂಗಳಿಗೆ ಸಾವಿರದಂತೆ ವರ್ಷಕ್ಕೆ 7,68,000 ಲಾಭ. ಅದರಲ್ಲಿ 6,40,800 ಸಂಬಳವಾಗಿ ಹಂಚಬಹುದು. ಸಣ್ಣ ವ್ಯಾಪಾರಿಗೆಂದೇ ಮಾಡಿದ ಅಕ್ಕಪಕ್ಕದ ಎರಡು ಕಲಂ. ಒಂದು ಪಾಲುದಾರನ ದುಡಿಮೆಯನ್ನು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಇದಕ್ಕೆ ಸಮರ್ಥನೆ ನನಗಂತೂ ಹೊಳೆದಿಲ್ಲ.

ತೋಟದ ವರಮಾನವೂ ಲಾಭದ ಪಾಲಿನ ಹಾಗೆ ಎಣಿಕೆಗೆ ಬಾರದ ಜಾತಿಗೆ ಸೇರಿದ್ದು. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಕಡೆ ಮಂಡಿ ಪಾಲುದಾರನಿಗೆ ಐದಾರು ಎಕರೆ ಅಡಿಕೆಯೋ ತೆಂಗೋ ಇದ್ದೇ ಇರುತ್ತದೆ. ತೋಟದಿಂದ 10 ಲಕ್ಷ ಬಂದರೂ ಕೃಷಿ ವರಮಾನ ಒಟ್ಟು ವರಮಾನಕ್ಕೆ ಸೇರದು. ಅಂಗಡಿಯ ಸಂಬಳ 3 ಲಕ್ಷ ಇದ್ದರೆ ಎನ್‌ಪಿಎಸ್ ವಿನಾಯಿತಿಯ ಶೇ 20 ಎಂದರೆ 60,000 ಮಾತ್ರ. ಹದಿಮೂರು ಲಕ್ಷ ಕಂಡ ಮನೆಯ ಯಜಮಾನ ಕಾನೂನಿನ ಲೆಕ್ಕದಲ್ಲಿ ಮೂರು ಲಕ್ಷದವನು. ಕೃಷಿಗೆ ತೆರಿಗೆ ಬೇಕು ಎಂದು ನಾನು ಹೇಳುತ್ತಿಲ್ಲ, ನಾಳೆ ಸಂತೆಯಲ್ಲಿ ನನ್ನನ್ನು ತಡೆದು ನಿಲ್ಲಿಸಬೇಡಿ.

ಹೆಸರಿಗೆ ಪಾಲುದಾರರಾದ ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಗಂಭೀರ. "ಮನೆಯವರ ಹೆಸರೂ ಸೇರಿಸಿ" ಎಂದು ಪತ್ರ ಬರೆಸುವವರು ಬಹಳ. ಸಂಬಳ ಸಿಗುವುದು ದುಡಿಯುವ ಪಾಲುದಾರನಿಗೆ ಮಾತ್ರ. ಅಂಗಡಿಗೆ ಬಾರದವರಿಗೆ ಬಂಡವಾಳದ ಬಡ್ಡಿ ಒಂದೇ. ಬಡ್ಡಿಯ ಷರತ್ತೂ ಪತ್ರದಲ್ಲಿ ಇಲ್ಲದಿದ್ದರೆ ಆಕೆಗೆ ಬರುವುದು ಬರೀ ಲಾಭದ ಪಾಲು, ಎಣಿಕೆಗೆ ಬಾರದ ಹಣ. ಇಪ್ಪತ್ತು ವರ್ಷ ಚೆಕ್ಕಿಗೂ ಪತ್ರಕ್ಕೂ ರುಜು ಹಾಕಿದ ಹೆಂಗಸಿಗೆ ಅವಳ ಹೆಸರಿನ ವರಮಾನ ಎನ್ನುವುದು ಒಂದು ವರ್ಷವೂ ಇರುವುದಿಲ್ಲ. ನಿಜವಾಗಿ ಲೆಕ್ಕ ಬರೆಯುವ, ಗಲ್ಲಾ ನೋಡುವ ಸೊಸೆಯರು ಹಿರಿಯೂರಿನಲ್ಲೂ ಚಿತ್ರದುರ್ಗದಲ್ಲೂ ಈಗ ಇದ್ದಾರೆ. ಅವರನ್ನು ದುಡಿಯುವ ಪಾಲುದಾರರೆಂದೇ ಪತ್ರದಲ್ಲಿ ಬರೆಯಿರಿ. ಅವಿಭಕ್ತ ಕುಟುಂಬದ ಪರವಾಗಿ ಪಾಲುದಾರರಾದ ಯಜಮಾನರಿಗೂ ಒಂದು ಮಾತು. ಎನ್‌ಪಿಎಸ್ ಖಾತೆ ವ್ಯಕ್ತಿಗೆ ಸಿಗುತ್ತದೆ, ಕುಟುಂಬಕ್ಕೆ ಸಿಗುವುದಿಲ್ಲ. ವರಮಾನವೆಲ್ಲ ಕುಟುಂಬದ ರಿಟರ್ನಿಗೆ ಹೋದರೆ ನಿಮ್ಮ ಸ್ವಂತ ಲೆಕ್ಕ ಖಾಲಿ.

ವರಮಾನ 12 ಲಕ್ಷ ದಾಟುವ ದೊಡ್ಡ ಪಾಲುದಾರರಿಗೆ ವಿನಾಯಿತಿ ನಿಜಕ್ಕೂ ಬೇಕು. ಹಳೆಯ ಪದ್ಧತಿಯಲ್ಲಿ 80ಸಿ ಜೊತೆ ಸೇರಿ ಒಂದೂವರೆ ಲಕ್ಷ, ಎನ್‌ಪಿಎಸ್‌ಗೆಂದೇ ಮೇಲೆ 50,000. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ. ಹೊಸದರಲ್ಲಿ ಉಳಿದಿರುವುದು ಮಾಲೀಕ ನೌಕರನ ಪರವಾಗಿ ಕಟ್ಟುವ ಹಣದ ವಿನಾಯಿತಿ, ಸಂಬಳದ ಶೇ 14ರವರೆಗೆ. ಪಾಲುದಾರನ ಸಂಬಳವನ್ನು ಕಾಯ್ದೆ ವ್ಯಾಪಾರದ ವರಮಾನ ಎಂದು ಕರೆಯುವುದರಿಂದ ಅದು ಅವನಿಗೆ ದಕ್ಕದು. ಇದು ಅನ್ಯಾಯ. ಕಂಪನಿ ಮ್ಯಾನೇಜರಿಗೆ ಇರುವ ಬಾಗಿಲು ಅದೇ ಬೀದಿಯ ಅಂಗಡಿಯವನಿಗೆ ಮುಚ್ಚಿದೆ. ಇನ್ನೊಂದು ಎಚ್ಚರ: ಸಂಬಳದಾರ ಪ್ರತಿವರ್ಷ ಪದ್ಧತಿ ಬದಲಿಸಬಹುದು. ವ್ಯಾಪಾರದ ವರಮಾನ ಇರುವವನು ಹಳೆಯದಕ್ಕೆ ಹೋಗಿ ಹೊಸದಕ್ಕೆ ವಾಪಸಾದರೆ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ.

ಅಮೆರಿಕದಲ್ಲಿರುವ ನಮ್ಮವರು ಈ ಲೆಕ್ಕ ಕೇಳಿ ನಗುತ್ತಾರೆ. ಅಲ್ಲಿ ದುಡಿಯುವ ಪಾಲುದಾರನ ಲಾಭದ ಪಾಲು, ಖಾತರಿ ಸಂಬಳ ಎರಡೂ ಅವನ ಸ್ವಯಂ ಉದ್ಯೋಗದ ವರಮಾನ. ಅದರಿಂದ ಸ್ವಯಂ ಉದ್ಯೋಗ ತೆರಿಗೆಯ ಅರ್ಧ ಕಳೆದು, ಆಮೇಲೆ ನಿವೃತ್ತಿ ಯೋಜನೆಗೆ ಎಷ್ಟು ಎಂದು ನೋಡುತ್ತಾರೆ. ಅಲ್ಲೊಂದು ಸುತ್ತು ಲೆಕ್ಕ ಇದೆ, ವಿದ್ಯಾರ್ಥಿಗಳು ಮಾಡಿ ನೋಡಿ. ಮಿತಿ ಶೇ 25 ಎನ್ನುತ್ತಾರೆ, ಆದರೆ ಕಟ್ಟಿದ ಹಣವನ್ನೇ ವರಮಾನದಿಂದ ಕಳೆದು ಉಳಿದದ್ದರ ಶೇ 25. ನೂರು ಡಾಲರಿದ್ದರೆ 20 ಕಟ್ಟಿ, ಉಳಿದ 80ರ ಕಾಲು ಭಾಗ ಮತ್ತೆ 20. ಹಾಗಾಗಿ ಶೇ 25 ಎಂದು ಬರೆದದ್ದು ನಡೆಯುವುದು ಶೇ 20. ನಮ್ಮಲ್ಲೂ 20 ಬಂದದ್ದು ಕಾಕತಾಳೀಯ, ಈ ಎರಡಕ್ಕೂ ನೆಂಟಸ್ತಿಕೆ ಇಲ್ಲ.

ಚಿಕ್ಕ ಅಂಗಡಿಯವರಿಗೆ ಸರ್ಕಾರ 2019ರಲ್ಲಿ ವ್ಯಾಪಾರಿಗಳ ಪಿಂಚಣಿ ಯೋಜನೆ ತಂದಿತು. ವಹಿವಾಟು ಒಂದೂವರೆ ಕೋಟಿಯೊಳಗೆ, ವಯಸ್ಸು 18ರಿಂದ 40, ತಿಂಗಳಿಗೆ 55ರಿಂದ 200 ರೂಪಾಯಿ, ಅಷ್ಟೇ ಹಣ ಸರ್ಕಾರದ್ದು, 60ರ ನಂತರ ತಿಂಗಳಿಗೆ 3,000. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಅಟಲ್ ಪಿಂಚಣಿಯೂ 2022ರ ಅಕ್ಟೋಬರಿನಿಂದ ತೆರಿಗೆದಾರರಿಗೆ ಮುಚ್ಚಿದೆ. 3,000ಕ್ಕೆ ಮುಪ್ಪು ಕಳೆಯಲಾಗದು. ಆದರೂ ಗುಮಾಸ್ತರನ್ನು ಅಟಲ್ ಪಿಂಚಣಿಗೆ ಸೇರಿಸಿ, ಅದು ಪುಣ್ಯದ ಕೆಲಸ.

ಕಂತು ಎಷ್ಟಿರಬೇಕು ಎಂಬುದಕ್ಕೆ ಹಿರಿಯೂರಿನವರೇ ಉತ್ತರ ಹೇಳಬೇಕು. ಅಲ್ಲಿನ ವಾಣಿವಿಲಾಸ ಸಾಗರ ಅಣೆಕಟ್ಟು 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. ನಡುವೆ ತೆಂಗಿನ ತೋಟ ಒಣಗಿ ನಿಂತ ವರ್ಷಗಳನ್ನು ಇಲ್ಲಿ ಕೂತ ಹಲವರು ಕಂಡಿದ್ದೀರಿ. ತೋಟ ಒಣಗಿದ ವರ್ಷ ಗೊಬ್ಬರದ ಅಂಗಡಿಗೂ ಬಟ್ಟೆ ಅಂಗಡಿಗೂ ಗಿರಾಕಿ ಇಲ್ಲ. ಅಂಥ ಊರಿನಲ್ಲಿ ತಿಂಗಳಿಗೆ ಹತ್ತು ಸಾವಿರ ಎಂದು ಕಣ್ಣು ಮುಚ್ಚಿ ಒಪ್ಪಿಕೊಂಡರೆ ಎರಡನೇ ಬರಕ್ಕೆ ಪಾಲಿಸಿ ಲ್ಯಾಪ್ಸ್. ಆ ವರ್ಷದ ಸಂಬಳ, ಬಡ್ಡಿಯ ಇಂತಿಷ್ಟು ಶೇಕಡ ಎಂದು ಇಟ್ಟುಕೊಳ್ಳಿ. ಎನ್‌ಪಿಎಸ್‌ನಲ್ಲಿ ಕೆಟ್ಟ ವರ್ಷ ಸಾವಿರ ರೂಪಾಯಿ ಹಾಕಿದರೂ ಖಾತೆ ಜೀವಂತ, ಪಿಪಿಎಫ್‌ಗೆ 500 ಸಾಕು.

2025ರ ಏಪ್ರಿಲ್ 1ರಿಂದ ಬಂದ 194ಟಿ ಬಗ್ಗೆ ಮಂಡಿಗಳಲ್ಲಿ ಬಹಳ ಗೊಣಗಾಟ ಕೇಳಿದ್ದೇನೆ. ಪಾಲುದಾರನಿಗೆ ವರ್ಷದಲ್ಲಿ 20,000 ದಾಟಿದ ಸಂಬಳ, ಬಡ್ಡಿಗೆ ಫರ್ಮ್ ಶೇ 10 ಹಿಡಿಯಬೇಕು, ಕ್ಯಾಪಿಟಲ್ ಖಾತೆಗೆ ಜಮಾ ಮಾಡಿದರೂ ಹಿಡಿಯಬೇಕು. ನಾಲ್ಕೂವರೆ ಲಕ್ಷದವನಿಗೆ 45,000 ಹೋಗಿ, ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ. ತೊಂದರೆಯೇ. ಆದರೂ ನನಗೆ ಇದರಲ್ಲಿ ಒಂದು ಉಪಕಾರ ಕಾಣುತ್ತದೆ. ಇಲ್ಲಿಯವರೆಗೆ ಪಾಲುದಾರನ ಸಂಬಳ ಎಂಬುದು ಮಾರ್ಚ್ 31ರ ತಾರೀಖು ಹಾಕಿ, ಸೆಪ್ಟೆಂಬರಿನಲ್ಲಿ ಆಡಿಟರ ಟೇಬಲ್ ಮೇಲೆ ಹುಟ್ಟುವ ಸಂಖ್ಯೆ. ಇನ್ನು ಮುಂದೆ ಅದು ವರ್ಷದ ನಡುವೆಯೇ ತೀರ್ಮಾನ ಆಗಬೇಕು. ತನ್ನ ವರಮಾನ ಎಷ್ಟು ಎಂದು ಜೂನ್‌ನಲ್ಲೇ ಗೊತ್ತಾದವನು ಕಂತನ್ನೂ ಜೂನ್‌ನಲ್ಲೇ ಕಟ್ಟಬಲ್ಲ.

ಕೊನೆಯದು, ಅಂಗಡಿಯನ್ನೇ ಪಿಂಚಣಿ ಎಂದು ನಂಬಿದವರ ವಿಷಯ. "ದುಡ್ಡು ಅಂಗಡಿಯಲ್ಲೇ ಇರಲಿ, ಮಕ್ಕಳು ತಿಂಗಳಾ ಕೊಡ್ತಾರೆ" ಎನ್ನುವ ಹಿರಿಯರು ನಾಲ್ಕೂ ತಾಲ್ಲೂಕಿನಲ್ಲಿ ಇದ್ದಾರೆ. ಬೇಡ ಎನ್ನಲಾರೆ. ಆದರೆ ನಿವೃತ್ತಿಯ ಷರತ್ತು ಪತ್ರದಲ್ಲಿ ಇರಲಿ: ಬಂಡವಾಳ ಎಷ್ಟು ಕಂತಿನಲ್ಲಿ ವಾಪಸ್, ಬಡ್ಡಿ ಎಷ್ಟು, ಅಂಗಡಿಯ ಹೆಸರಿನ ಬೆಲೆಯಲ್ಲಿ ಪಾಲು ಉಂಟೋ ಇಲ್ಲವೋ. ಷರತ್ತೂ ಇಲ್ಲದೆ ಲೆಕ್ಕವೂ ತೀರದೆ ವ್ಯಾಪಾರ ಮುಂದುವರಿದರೆ ಪಾಲುದಾರಿಕೆ ಕಾಯ್ದೆಯ 37ನೇ ಕಲಂ ಕೊಡುವುದು, ನಿಮ್ಮ ಹಣದಿಂದ ಬಂದ ಲಾಭದ ಪಾಲು ಅಥವಾ ಶೇ 6 ಬಡ್ಡಿ, ಎರಡರಲ್ಲಿ ನೀವು ಆರಿಸಿಕೊಂಡದ್ದು. 20 ಲಕ್ಷ ಬಿಟ್ಟವರಿಗೆ ಶೇ 6 ಎಂದರೆ ತಿಂಗಳಿಗೆ 10,000. ಅದಕ್ಕೂ ಕೋರ್ಟಿಗೆ ಹೋಗಬೇಕಾದರೆ ಫರ್ಮ್ ನೋಂದಣಿ ಆಗಿರಬೇಕು, ಇಲ್ಲದಿದ್ದರೆ 69ನೇ ಕಲಂ ಅಡ್ಡ ಬರುತ್ತದೆ. ಜೊತೆಗೆ, ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಕೊಡದೆ ಮನೆಗೆ ಹೋದವರು ಆಮೇಲಿನ ಸಾಲಕ್ಕೂ ಹೊರಗಿನವರಿಗೆ ಜವಾಬ್ದಾರರಾಗಿಯೇ ಉಳಿಯಬಹುದು. ಫರ್ಮ್‌ಗಳ ರಿಜಿಸ್ಟ್ರಾರರಿಗೆ ಒಂದು ನೋಟಿಸು, ಗೆಜೆಟ್‌ನಲ್ಲಿ ಒಂದು, ಈ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲಿ ಸಣ್ಣ ಜಾಹೀರಾತು.

ಪತ್ರ ತಿದ್ದುವವರು ಮಾರ್ಚ್ ಕೊನೆಯೊಳಗೆ ರುಜು ಮುಗಿಸಿ, ಏಪ್ರಿಲ್ 1ರಿಂದ ಜಾರಿ ಎಂದು ಬರೆಸಿ. ಹಿಂದಿನ ತಾರೀಖಿನಿಂದ ಸಂಬಳ ಬರೆದುಕೊಂಡರೆ ಕಾನೂನು ಅದನ್ನು ಒಪ್ಪುವುದಿಲ್ಲ.